ಮೆಕ್ಸಿಕೋದಲ್ಲಿ ನಾವು ಕಂಡ ಜನಪ್ರೀತಿ

ದೂರದ ದೇಶಕ್ಕೆ ಹೋಗಿ ಬಂದವರು ತಮ್ಮ ಪ್ರವಾಸದ ಮಾತನ್ನು ಅರಮನೆ, ಗೋಪುರ, ವಸ್ತುಸಂಗ್ರಹಾಲಯಗಳಿಂದ ಆರಂಭಿಸುವುದು ವಾಡಿಕೆ. ನಾವು ಮಾತ್ರ ನಮ್ಮ ಮಗನ ಹಲ್ಲುನೋವಿನಿಂದ ಆರಂಭಿಸಬೇಕಾಗಿದೆ. ವಾಚಕರು ಮನ್ನಿಸಬೇಕು. ಆ ನೋವು ಬಾರದೆ ಇದ್ದಿದ್ದರೆ, ಮೆಕ್ಸಿಕೋ ನಗರದಲ್ಲಿ ನಾವು ಕಂಡ ಮುಖ್ಯವಾದ ಸಂಗತಿಯೇ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ.

ಮುಂಬಯಿಯ ಸರಕಾರಿ ಗುಮಾಸ್ತನಿಗೆ ಮೆಕ್ಸಿಕೋ ಎಲ್ಲಿಂದ ಬಂತು ಎಂದು ಕೇಳುವಿರಿ. ನಮ್ಮ ಮನೆಯವರ ತಮ್ಮ ಅಲ್ಲಿ ಒಂದು ಸಾಫ್ಟ್‌ವೇರ್ ಕಂಪೆನಿಯಲ್ಲಿದ್ದಾನೆ. ಬನ್ನಿ ಬನ್ನಿ ಎಂದು ಮೂರು ವರ್ಷ ಕಾಡಿ, ಕೊನೆಗೆ ಎರಡು ಟಿಕೆಟ್ಟುಗಳನ್ನು ತಾನೇ ಕೊಂಡು ಕಳುಹಿಸಿದ. ಮೂರನೆಯದಕ್ಕೆ ನಾವು ನೌಕರರ ಸಹಕಾರಿ ಪತ್ತಿನ ಸಂಘದ ಬಾಗಿಲು ತಟ್ಟಿದೆವು. ಪರದೇಶಕ್ಕೆ ಹೋಗಲು ಸರಕಾರದ ಅಪ್ಪಣೆ ಬೇಕಷ್ಟೆ. ನಮ್ಮದೇ ಅರ್ಜಿ ಮೇಜಿನಿಂದ ಮೇಜಿಗೆ ಸುತ್ತುವುದನ್ನು ನೋಡಿದಾಗ, ನಿತ್ಯವೂ ನಮ್ಮ ಮೇಜಿನ ಮುಂದೆ ನಿಲ್ಲುವ ಅರ್ಜಿದಾರರ ಮೇಲೆ ಮೊದಲ ಬಾರಿಗೆ ಕರುಣೆ ಹುಟ್ಟಿತು. ಅಂತೂ ಕಳೆದ ವರ್ಷ ವಿಜಯದಶಮಿ ಮುಗಿಸಿಕೊಂಡು, ಬಾಗಿಲ ಚೆಂಡುಹೂವಿನ ತೋರಣ ಬಾಡುವ ಮೊದಲೇ ಹೊರಟು, ಫ್ರಾಂಕ್‌ಫರ್ಟಿನಲ್ಲಿ ವಿಮಾನ ಬದಲಿಸಿ ಮೆಕ್ಸಿಕೋ ನಗರದಲ್ಲಿ ಇಳಿದೆವು.

ಇಳಿದು ನೋಡಿದರೆ ಅಲ್ಲಿಯೂ ಚೆಂಡುಹೂವು! ಬೀದಿಯ ಮಧ್ಯದಲ್ಲಿ, ಅಂಗಡಿಯ ಬಾಗಿಲಲ್ಲಿ, ಬುಟ್ಟಿ ಬುಟ್ಟಿಯಾಗಿ ಅದೇ ಹೂವು, ಅದೇ ಬಣ್ಣ, ಅದೇ ಘಾಟು. ನವೆಂಬರ್ ತಿಂಗಳ ಮೊದಲ ಎರಡು ದಿನ ಅವರು ಸತ್ತ ಹಿರಿಯರನ್ನು ನೆನೆಯುವ ಹಬ್ಬ ಮಾಡುತ್ತಾರೆ. ನಮ್ಮ ಮಹಾಲಯದ ಹಾಗೆಂದು ತಿಳಿಯಿರಿ. ಆದರೆ ಅಳುವಿಲ್ಲ, ಹಾಡು ಇದೆ. ಮನೆ ಮನೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪೀಠ ಕಟ್ಟಿ, ಹಿರಿಯರ ಚಿತ್ರವಿಟ್ಟು, ಅವರಿಗೆ ಪ್ರಿಯವಾಗಿದ್ದ ತಿಂಡಿ ತೀರ್ಥಗಳನ್ನು ಇಟ್ಟು, ಈ ಹೂವಿನಿಂದ ಸಿಂಗರಿಸುತ್ತಾರೆ. ನಮ್ಮ ಹಬ್ಬಗಳಿಗೆಲ್ಲ ಬೇಕಾಗುವ ಈ ಹೂವಿನ ತವರು ಮೆಕ್ಸಿಕೋ ದೇಶವೇ ಎಂದು ಮೈದುನ ಹೇಳಿದಾಗ ನಮ್ಮ ಮನೆಯವರು ನಂಬಲೇ ಇಲ್ಲ.

ಊರು ಸಮುದ್ರ ಮಟ್ಟದಿಂದ ೨೨೪೦ ಮೀಟರ್ ಎತ್ತರದಲ್ಲಿದೆ. ಎರಡು ಮಹಡಿ ಹತ್ತುವಷ್ಟರಲ್ಲಿ ನಮ್ಮ ಉಸಿರು ಸಿಕ್ಕಿಕೊಂಡಿತು. ಊಟದ ವಿಷಯದಲ್ಲಿ ಹೆದರಿ ಹೋಗಿದ್ದೆವು. ಅಲ್ಲಿ ಹೆಂಗಸರು ಹಂಚಿನ ಮೇಲೆ ಜೋಳದ ರೊಟ್ಟಿಯನ್ನೇ ಬೇಯಿಸುತ್ತಿದ್ದರು, ಮೆಕ್ಕೆಜೋಳದ್ದು ಎಂಬುದಷ್ಟೇ ವ್ಯತ್ಯಾಸ. ಮೇಲೆ ಖಾರದ ಚಟ್ನಿ, ಕುಡಿಯಲು ಹುಣಸೆಯ ಪಾನಕ. ಪುಂಡಿಯ ಜಾತಿಯದೇ ಒಂದು ಗಿಡದ ಕೆಂಪು ಹೂಪೊರೆಯಿಂದ ಮಾಡಿದ ಷರಬತ್ತೂ ಇತ್ತು. ಧಾರವಾಡ ಕಡೆಯವರಿಗೆ ಇನ್ನೇನು ಬೇಕು?

ಮೂರನೆಯ ದಿನ ಸಂತೆಯಲ್ಲಿ ಮಗ ಒಂದು ಸಕ್ಕರೆಯ ತಲೆಬುರುಡೆಯನ್ನು ಕಂಡ. ನಮ್ಮಲ್ಲಿ ಗೌರಿ ಹುಣ್ಣಿಮೆಗೆ ಸಕ್ಕರೆ ಗೊಂಬೆ ಮಾಡುವಂತೆ ಅಲ್ಲಿ ಈ ಹಬ್ಬಕ್ಕೆ ಸಕ್ಕರೆಯ ಬುರುಡೆ ಮಾಡುತ್ತಾರೆ. ಬೇಡ ಬೇಡವೆನ್ನುವಷ್ಟರಲ್ಲಿ ಕಚಕ್ಕನೆ ಕಚ್ಚಿದ. ಮುಂಬಯಿಯಲ್ಲಿ ತುಂಬಿಸಿದ್ದ ದವಡೆಯ ಹಲ್ಲು ಎದ್ದುಹೋಯಿತು. ರಾತ್ರಿಯೆಲ್ಲ ನರಳಾಟ. ಪರದೇಶದ ವೈದ್ಯರ ಶುಲ್ಕ ರೂಪಾಯಿಯಲ್ಲಿ ಎಷ್ಟಾಗುವುದೋ ಎಂದು ನಾವು ಕಾಗದದ ಮೇಲೆ ಗುಣಾಕಾರ ಮಾಡುತ್ತಿದ್ದೆವು. "ಹುಡುಗಗ ನೋಯಾಕತ್ತದ, ನೀವು ಇನ್ನೂ ರೊಕ್ಕದ ಲೆಕ್ಕ ಹಾಕ್ಕೋತ ಕೂತೀರಲ್ಲ!" ಎಂದು ಮನೆಯವರು ಗದರಿದ ಮೇಲೆ ಪೆನ್ನು ಕೆಳಗಿಟ್ಟೆವು.

ಮರುದಿನ ಮೈದುನ ನಮ್ಮನ್ನು ಕೊಯೊಅಕಾನ್ ಎಂಬ ಹಳೆಯ ಬಡಾವಣೆಯಲ್ಲಿದ್ದ ಒಬ್ಬ ದಂತವೈದ್ಯರ ಬಳಿಗೆ ಕರೆದೊಯ್ದ. ಅರವತ್ತರ ಹತ್ತಿರದ ಹಿರಿಯರು, ತಲೆಯೆಲ್ಲ ನೆರೆತಿತ್ತು. ಚಿಕಿತ್ಸಾಲಯದ ಮೂಲೆಯಲ್ಲಿ ಚೆಂಡುಹೂವಿನ ಪೀಠ. ಅದರ ಮೇಲೆ ಹುಲ್ಲಿನ ಟೋಪಿ ಹಾಕಿದ ಮುದುಕರೊಬ್ಬರ ಚಿತ್ರ, ಒಂದು ಬಟ್ಟಲು ಕಾಫಿ, ಮಡಿಸಿಟ್ಟ ಒಂದು ನೀಲಿ ಅಂಗಿ. ಅಂಗಿಯ ಎದೆಯ ಮೇಲೆ ಚಿನ್ನದ ಬಣ್ಣದ ಒಂದು ಕಾಡುಬೆಕ್ಕಿನ ಮುಖ. ಇವುಗಳ ಹಿಂದೆ, ಗೋಡೆಯ ಮೇಲೆ, ಬಣ್ಣ ಮಾಸಿದ ಇನ್ನೊಂದು ಚಿತ್ರ. ಗುಂಗುರು ಕೂದಲಿನ ಒಬ್ಬ ಯುವಕ ನೆಲಕ್ಕೆ ಬೆನ್ನು ಮಾಡಿ ಗಾಳಿಯಲ್ಲಿ ಮಲಗಿದಂತಿದ್ದಾನೆ, ಅವನ ಎಡಗಾಲು ತಲೆಗಿಂತ ಎತ್ತರದಲ್ಲಿ ಚೆಂಡನ್ನು ಮುಟ್ಟುತ್ತಿದೆ.

ನಮ್ಮ ಮಗ ನೋವನ್ನೇ ಮರೆತು, "ಅಪ್ಪಾ, ಬೈಸಿಕಲ್ ಕಿಕ್!" ಎಂದ.

ವೈದ್ಯರಿಗೆ ನಮ್ಮ ಭಾಷೆ ಬಾರದು, ನಮಗೆ ಸ್ಪ್ಯಾನಿಷ್ ಬಾರದು. ಆದರೆ ಆ ಒಂದು ಮಾತು ಅವರಿಗೆ ತಿಳಿಯಿತು. ಕೈಯಲ್ಲಿದ್ದ ಸಲಕರಣೆಯನ್ನು ಬಟ್ಟಲಲ್ಲಿಟ್ಟು, "ಊಗೊ!" ಎಂದರು. ಅಲ್ಲಿಂದ ಮುಂದೆ ಮೈದುನನಿಗೆ ಅನುವಾದದ ಕೆಲಸ ಕೈತುಂಬ ಸಿಕ್ಕಿತು.

ನಮ್ಮ ಪತ್ರಿಕೆಗಳು ಹ್ಯೂಗೊ ಎಂದು ಬರೆಯುವ ಈ ಊಗೊ ಸಾಂಚೆಸ್ ಅವರು ಹುಟ್ಟಿದ್ದು ೧೯೫೮ರಲ್ಲಿ, ಅದೇ ಮೆಕ್ಸಿಕೋ ನಗರದಲ್ಲಿ. ತಂದೆಯೂ ಕಾಲ್ಚೆಂಡು ಆಡಿದವರು. ಸಹೋದರಿ ಎರ್ಲಿಂಡಾ ೧೯೭೬ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಅಂಗಸಾಧನೆಯ ಸ್ಪರ್ಧಿ. ಅದೇ ಒಲಿಂಪಿಕ್ಸ್‌ಗೆ ಊಗೊ ಕೂಡ ದೇಶದ ತಂಡದಲ್ಲಿ ಹೋಗಿದ್ದರು. ಆ ವರ್ಷವೇ ರಾಷ್ಟ್ರೀಯ ವಿಶ್ವವಿದ್ಯಾಲಯದ ಪೂಮಾಸ್ ತಂಡವನ್ನು ಸೇರಿದರು. ಅಂಗಿಯ ಮೇಲಿನ ಕಾಡುಬೆಕ್ಕು ಅದರ ಲಾಂಛನ. ೧೯೭೭ರಲ್ಲಿಯೂ ೧೯೮೧ರಲ್ಲಿಯೂ ತಂಡ ದೇಶದ ಚಾಂಪಿಯನ್ ಆಯಿತು. ಇದಕ್ಕಿಂತ ನಮ್ಮನ್ನು ಬೆರಗುಗೊಳಿಸಿದ್ದು ಇನ್ನೊಂದು ಸಂಗತಿ. ಹೀಗೆ ಆಡುತ್ತಲೇ ಅವರು ಅದೇ ವಿಶ್ವವಿದ್ಯಾಲಯದಲ್ಲಿ ದಂತವೈದ್ಯ ಶಾಸ್ತ್ರ ಓದಿ ಪದವಿ ಪಡೆದರು!

"ಅವನು ಬಿಟ್ಟುಹೋದ ಮೇಲೆ ನಾನು ಅದೇ ವಿಭಾಗಕ್ಕೆ ಸೇರಿದೆ. ಅವನು ಕೂತ ಬೆಂಚಿನ ಮೇಲೆಯೇ ಕೂತಿದ್ದೇನೋ ಏನೋ" ಎಂದು ವೈದ್ಯರು ನಕ್ಕರು.

ಮೈದುನನ ಅನುವಾದದಲ್ಲಿ 'ಅವನು' ಎಂಬ ಏಕವಚನ ಕೇಳಿ ನಮಗೆ ಕಸಿವಿಸಿಯಾಯಿತು. ಇಷ್ಟು ದೊಡ್ಡವರನ್ನು ಹೀಗೆನ್ನಬಹುದೆ ಎಂದು ಕೇಳಿದೆವು. "ಅವರು ಹೇಳೋ ಧಾಟೀನ ಹಂಗದ ಭಾವ. ಮನಿ ಮಗಗ ಯಾರರೆ ಬಹುವಚನ ಹಚ್ಚತಾರೇನ್ರಿ?" ಎಂದ ಅವನು.

೧೯೮೧ರಲ್ಲಿ ಊಗೊ ಸ್ಪೇನ್ ದೇಶಕ್ಕೆ ಹೋದರು. ಮೊದಲು ಅಟ್ಲೆಟಿಕೊ ಮ್ಯಾಡ್ರಿಡ್, ೧೯೮೫ರಿಂದ ರಿಯಲ್ ಮ್ಯಾಡ್ರಿಡ್. ಎದುರಾಳಿಗಳ ಊರಿನ ಪ್ರೇಕ್ಷಕರು ಅವರನ್ನು 'ಇಂಡಿಯೊ' ಎಂದು ಹೀಯಾಳಿಸುತ್ತಿದ್ದರಂತೆ. ಹಿಂದೆ ಕೊಲಂಬಸ್ ನಮ್ಮ ದೇಶವನ್ನು ಹುಡುಕಿಕೊಂಡು ಹೊರಟು, ದಾರಿತಪ್ಪಿ ಅಮೆರಿಕವನ್ನು ಮುಟ್ಟಿ, ಅಲ್ಲಿಯ ಮೂಲನಿವಾಸಿಗಳಿಗೆ ಕೊಟ್ಟ ಹೆಸರು ಅದು. ನಮ್ಮ ದೇಶದ ಹೆಸರೇ ಯಾರದೋ ಬಾಯಲ್ಲಿ ಬೈಗುಳವಾದದ್ದನ್ನು ಕೇಳಿ ನಮಗೂ ಚುರುಕ್ಕೆಂದಿತು. ಊಗೊ ಬಾಯಿಂದ ಉತ್ತರ ಕೊಡುವ ಬದಲು ಕಾಲಿನಿಂದ ಕೊಟ್ಟರು. ಸ್ಪೇನಿನಲ್ಲಿ ಒಂದು ವರ್ಷದ ಲೀಗ್ ಪಂದ್ಯಗಳಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ 'ಪಿಚಿಚಿ' ಎಂಬ ಬಹುಮಾನವಿದೆ. ಅದನ್ನು ೧೯೮೫, ೮೬, ೮೭, ೮೮ ಮತ್ತು ೯೦ರಲ್ಲಿ, ಒಟ್ಟು ಐದು ಸಲ ಗೆದ್ದರು. ೧೯೮೯-೯೦ರಲ್ಲಿ ಹೊಡೆದ ಗೋಲುಗಳು ೩೮, ಪ್ರತಿಯೊಂದೂ ಚೆಂಡನ್ನು ಒಂದೇ ಸಲ ಮುಟ್ಟಿ ಹೊಡೆದದ್ದು. ಬಂದ ಚೆಂಡನ್ನು ತಡೆದು, ನಿಲ್ಲಿಸಿ, ಗುರಿನೋಡುವ ಮಾತೇ ಇಲ್ಲ. ಪ್ರತಿ ಗೋಲಿನ ಮೇಲೂ ಮೈದಾನದಲ್ಲಿ ಒಂದು ಲಾಗ. ಅದನ್ನು ಅಂಗಸಾಧನೆಯ ಸಹೋದರಿಯಿಂದ ಕಲಿತದ್ದೆಂದು ಪ್ರತೀತಿ.

ಚಿಕಿತ್ಸಾಲಯದ ಚಿತ್ರವೂ ಆ ಕಾಲದ್ದೇ. ೧೯೮೮ರ ಏಪ್ರಿಲ್ ೧೦ರಂದು ಲೊಗ್ರೊನ್ಯೆಸ್ ತಂಡದ ವಿರುದ್ಧ ಹೊಡೆದ ಗೋಲು. ಅದನ್ನು ಕಂಡು ಮ್ಯಾಡ್ರಿಡ್ಡಿನ ಪ್ರೇಕ್ಷಕರು ಎದ್ದು ನಿಂತು ಬಿಳಿಯ ಕರವಸ್ತ್ರಗಳನ್ನು ಬೀಸಿದರಂತೆ.

ಹಲ್ಲಿನ ಕೆಲಸ ಮುಗಿಯಿತು. ಶುಲ್ಕವನ್ನು ಪೂರ್ತಿಯಾಗಿಯೇ ತೆಗೆದುಕೊಂಡರು, ನಮ್ಮ ಗುಣಾಕಾರವೂ ಸರಿಯಾಗಿಯೇ ಇತ್ತು. ಆದರೆ ಮುಂದೆ ರೋಗಿಗಳು ಇಲ್ಲದ್ದರಿಂದ ವೈದ್ಯರು ನಮ್ಮನ್ನು ಕೂಡಿಸಿಕೊಂಡು ಪೀಠದ ಮೇಲಿನ ಮುದುಕರ ಕಥೆ ಹೇಳಿದರು. ಅದು ಅವರ ತಂದೆ. ವಿಶ್ವವಿದ್ಯಾಲಯದ ತೋಟದಲ್ಲಿ ಕೆಲಸಕ್ಕಿದ್ದವರು, ಅಕ್ಷರ ಅಷ್ಟಕ್ಕಷ್ಟೆ. ಭಾನುವಾರ ಬಂದರೆ ಮಗನನ್ನು ಹೆಗಲ ಮೇಲೆ ಕೂಡಿಸಿಕೊಂಡು ಪೂಮಾಸ್ ಆಟಕ್ಕೆ ಹೋಗುವರು. "ನೋಡು, ಆ ಹುಡುಗ ನಾಳೆ ಬೆಳಿಗ್ಗೆ ಪುಸ್ತಕ ಹಿಡಿದು ನಮ್ಮ ತೋಟದ ಮುಂದೆಯೇ ಕ್ಲಾಸಿಗೆ ಹೋಗುತ್ತಾನೆ" ಎಂದು ತೋರಿಸುವರು.

೧೯೮೬ರಲ್ಲಿ ವಿಶ್ವಕಪ್ ಪಂದ್ಯಾವಳಿ ಮೆಕ್ಸಿಕೋದಲ್ಲಿಯೇ ನಡೆಯಿತು. ಜೂನ್ ೭ರಂದು ಅಸ್ಟೆಕಾ ಕ್ರೀಡಾಂಗಣದಲ್ಲಿ ಪರಾಗ್ವೆ ದೇಶದೊಡನೆ ಆಟ. ಲಕ್ಷಕ್ಕೂ ಮೀರಿದ ಜನ. ಗೋಲು ಒಂದಕ್ಕೊಂದು ಸಮ. ಆಟ ಮುಗಿಯಲು ಬಂದಾಗ ಮೆಕ್ಸಿಕೋಗೆ ಪೆನಾಲ್ಟಿ ಸಿಕ್ಕಿತು. ಹೊಡೆಯಲು ಬಂದವರು ಸ್ಪೇನನ್ನೇ ಗೆದ್ದ ಊಗೊ. ಗೋಲ್‌ಕೀಪರ್ ಚೆಂಡನ್ನು ತಡೆದುಬಿಟ್ಟ.

"ಆ ರಾತ್ರಿ ನಮ್ಮಪ್ಪ ಊಟ ಮಾಡಲಿಲ್ಲ. ಗೋಡೆಯ ಮೇಲಿದ್ದ ಊಗೊನ ಚಿತ್ರದ ಮುಖವನ್ನು ಗೋಡೆಗೆ ತಿರುಗಿಸಿದರು. ಬಾಯಿಗೆ ಬಂದ ಹಾಗೆ ಬೈದರು. ಬೆಳಿಗ್ಗೆ ಏಳುವಷ್ಟರಲ್ಲಿ ಚಿತ್ರ ಮತ್ತೆ ಸರಿಯಾಗಿತ್ತು. ಯಾರು ತಿರುಗಿಸಿದರೆಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ."

ಮುಂದೆಯೂ ಎಲ್ಲವೂ ಗೆಲುವೇ ಆಗಿರಲಿಲ್ಲ. ಮೂರು ವಿಶ್ವಕಪ್‌ಗಳಿಗೆ ಹೋದರೂ ಅವುಗಳಲ್ಲಿ ಹೊಡೆದದ್ದು ಒಂದೇ ಗೋಲು. ೧೯೯೭ರಲ್ಲಿ ಆಟ ನಿಲ್ಲಿಸಿ ತರಬೇತುದಾರರಾದರು. ೨೦೦೪ರಲ್ಲಿ ತಮ್ಮ ಹಳೆಯ ಪೂಮಾಸ್ ತಂಡವನ್ನು ಆ ವರ್ಷದ ಎರಡೂ ಲೀಗ್ ಪಂದ್ಯಾವಳಿಗಳಲ್ಲಿ ಗೆಲ್ಲಿಸಿದರು. ಅದೇ ವರ್ಷ ಮ್ಯಾಡ್ರಿಡ್ಡಿಗೆ ಕರೆದೊಯ್ದು ರಿಯಲ್ ಮ್ಯಾಡ್ರಿಡ್ ತಂಡವನ್ನು ಅದರ ಅಂಗಳದಲ್ಲಿಯೇ ೧–೦ರಿಂದ ಸೋಲಿಸಿದರು. ಊರೆಲ್ಲ ಕುಣಿಯಿತು. ೨೦೦೬ರಲ್ಲಿ ದೇಶದ ತಂಡವೇ ಕೈಗೆ ಬಂತು. ಆದರೆ ೨೦೦೮ರಲ್ಲಿ ಕಿರಿಯರ ತಂಡ ಹೈಟಿಯನ್ನು ೫–೧ರಿಂದ ಸೋಲಿಸಿಯೂ ಗೋಲುಗಳ ಅಂತರ ಸಾಲದೆ ಬೀಜಿಂಗ್ ಒಲಿಂಪಿಕ್ಸ್ ಅವಕಾಶ ತಪ್ಪಿತು, ಅವರ ಕೆಲಸವೂ ಹೋಯಿತು. ಮತ್ತೆ ಊರೆಲ್ಲ ಬೈಯಿತು. ೨೦೧೪ರ ನವೆಂಬರಿನಲ್ಲಿ, ಈ ಹಬ್ಬ ಕಳೆದ ವಾರದಲ್ಲಿಯೇ, ಅವರ ಮಗ ಮೂವತ್ತರ ಹರೆಯದಲ್ಲಿ ತೀರಿಕೊಂಡ. ತಂದೆಯ ಹೆಸರನ್ನೇ ಹೊತ್ತವನು, ಅವನೂ ಕಾಲ್ಚೆಂಡು ಆಡಿದವನು.

"ಆವತ್ತು ಅಪ್ಪ ಇನ್ನೂ ಇದ್ದರು. ಬೈಯುವುದನ್ನು ಅಲ್ಲಿಗೆ ಬಿಟ್ಟರು. ಅವನ ಹೆಸರಿನಲ್ಲಿ ಒಂದು ದೀಪ ಹಚ್ಚಿದರು" ಎಂದು ವೈದ್ಯರು ಪೀಠದ ಮೇಲಿನ ಹೂವನ್ನು ಸರಿಪಡಿಸಿದರು. ನಾವು ಹೊರಡುವಾಗ ಮಗನ ಕೆನ್ನೆ ತಟ್ಟಿ, ಭಾನುವಾರ ಇವನನ್ನು ಆಟಕ್ಕೆ ಕರೆದುಕೊಂಡು ಹೋಗಿ ಎಂದು ನಮಗೆ ಹೇಳಿದರು.

ಇಲ್ಲಿ ನಮ್ಮ ಮನೆಯ ಒಂದು ಗುಟ್ಟನ್ನು ಹೇಳಬೇಕು. ನಮ್ಮ ಮಗನಿಗೆ ಹನ್ನೊಂದು ವರ್ಷ. ನಮ್ಮ ಕಾಲೊನಿಯ ಹತ್ತಿರದ ಮೈದಾನದಲ್ಲಿ ಕಾಲ್ಚೆಂಡು ಕಲಿಸುವವರೊಬ್ಬರು, ಹುಡುಗನ ಕಾಲಿನಲ್ಲಿ ಆಟವಿದೆ, ಕಳುಹಿಸಿ ಎಂದು ಎರಡು ಸಲ ಹೇಳಿ ಕಳುಹಿಸಿದ್ದರು. ಮೊದಲು ಗಣಿತ, ಆಮೇಲೆ ಚೆಂಡು ಎಂದು ನಾವು ಎರಡು ಸಲವೂ ಬೇಡವೆಂದಿದ್ದೆವು. ಇದು ನಮ್ಮ ಸ್ವಂತ ಮಾತೇನೂ ಅಲ್ಲ. ಧಾರವಾಡದಲ್ಲಿ ಶಾಲೆಯ ಮಾಸ್ತರರಾಗಿದ್ದ ನಮ್ಮ ತೀರ್ಥರೂಪರು ನಮ್ಮ ಹತ್ತನೆಯ ಇಯತ್ತೆಯ ವರ್ಷ ಇದೇ ಮಾತನ್ನು ಹೇಳಿ ನಮ್ಮ ಚೆಂಡನ್ನು ಅಟ್ಟಕ್ಕೆ ಹಾಕಿದ್ದರು. ಪರೀಕ್ಷೆ ಮುಗಿಯಿತು, ಬಿ.ಎ. ಆಯಿತು, ನೌಕರಿ ಬಂತು. ಚೆಂಡು ಅಟ್ಟದಿಂದ ಇಳಿಯಲಿಲ್ಲ. ಅವರನ್ನು ದೂರುವಂತಿಲ್ಲ, ಅವರ ಭಯ ಅವರಿಗೆ. ಆದರೆ ಆಟ ಮತ್ತು ಓದು ಒಂದೇ ಮನೆಯಲ್ಲಿ ಬಾಳಲಾರದ ಸವತಿಯರೆಂದು ನಾವು ನಂಬಿಯೇಬಿಟ್ಟಿದ್ದೆವು.

ಭಾನುವಾರ ಬೆಳಿಗ್ಗೆ ಮೆಟ್ರೊ ರೈಲು ಹತ್ತಿದೆವು. ಆಗ ಒಬ್ಬರಿಗೆ ಐದೇ ಪೆಸೊ. ಓದುಬಾರದವರಿಗೂ ತಿಳಿಯಲೆಂದು ಒಂದೊಂದು ನಿಲ್ದಾಣಕ್ಕೂ ಒಂದೊಂದು ಚಿತ್ರದ ಗುರುತಿದೆ. ಕೊಪಿಲ್ಕೊ ನಿಲ್ದಾಣದಲ್ಲಿ ಇಳಿದು ವಿಶ್ವವಿದ್ಯಾಲಯದ ಆವರಣದೊಳಗೆ ನಡೆದೆವು. ೨೦೦೭ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದೆ. ಮೊದಲು ಎದುರಾಗುವುದು ಗ್ರಂಥಾಲಯ. ಹ್ವಾನ್ ಓಗೊರ್ಮನ್ ಎಂಬ ಕಲಾವಿದರು ಅದರ ನಾಲ್ಕೂ ಗೋಡೆಗಳ ಮೇಲೆ ಬಣ್ಣಬಣ್ಣದ ಕಲ್ಲುಚೂರುಗಳಿಂದಲೇ ದೇಶದ ಕಥೆಯನ್ನು ಬಿಡಿಸಿದ್ದಾರೆ. ಅಲ್ಲಿಂದ ದೊಡ್ಡ ರಸ್ತೆಯೊಂದನ್ನು ದಾಟಿದರೆ ಕ್ರೀಡಾಂಗಣ. ಒಂದು ಕಡೆ ಪುಸ್ತಕ, ಒಂದು ಕಡೆ ಚೆಂಡು, ನಡುವೆ ಒಂದು ರಸ್ತೆ, ಅಷ್ಟೆ!

ಹಿಂದೆ ಶಿತ್ಲೆ ಎಂಬ ಜ್ವಾಲಾಮುಖಿ ಉಗುಳಿದ ಕಲ್ಲು ಈ ಪ್ರದೇಶವನ್ನೆಲ್ಲ ಮುಚ್ಚಿತ್ತು. ಆ ಕಪ್ಪು ಕಲ್ಲಿನಿಂದಲೇ ಕಟ್ಟಿದ ಕ್ರೀಡಾಂಗಣ ೧೯೫೨ರ ನವೆಂಬರ್ ೨೦ರಂದು ತೆರೆಯಿತು. ೧೯೬೮ರ ಒಲಿಂಪಿಕ್ಸ್ ನಡೆದದ್ದೂ ಇಲ್ಲಿಯೇ. ದೂರದಿಂದ ಕಟ್ಟಡವೆನಿಸುವುದಿಲ್ಲ, ಗುಡ್ಡದ ತಲೆಯನ್ನು ಯಾರೋ ಬಟ್ಟಲಿನಂತೆ ಕೊರೆದಿದ್ದಾರೆ ಎನಿಸುತ್ತದೆ. ಮುಂಭಾಗದಲ್ಲಿ ಡಿಯೆಗೊ ರಿವೇರಾ ಅವರು ಕಲ್ಲಿನಲ್ಲಿ ಮಾಡಿದ ಉಬ್ಬುಚಿತ್ರ. ತಂದೆ, ತಾಯಿ, ನಡುವೆ ಮಗು, ಶಾಂತಿಯ ಪಾರಿವಾಳ, ಅಕ್ಕಪಕ್ಕದಲ್ಲಿ ಕ್ರೀಡಾಪಟುಗಳು. ಕ್ರೀಡಾಂಗಣದ ಸುತ್ತಲೂ ಮಾಡಬೇಕೆಂದಿದ್ದರಂತೆ, ಈ ಭಾಗವಷ್ಟೇ ಮುಗಿಯಿತು. ಆ ಕಲ್ಲಿನ ತಂದೆತಾಯಿಗಳ ಕೆಳಗೆ ಸಾವಿರಾರು ಜೀವಂತ ತಂದೆತಾಯಿಗಳು ಮಕ್ಕಳ ಕೈಹಿಡಿದು ಒಳಗೆ ಹೋಗುತ್ತಿದ್ದರು.

ಹೊರಗೆ ಅಂಗಿ ಮಾರುವ ಮುದುಕಿಯ ಬಳಿ ಊಗೊ ಹೆಸರಿನ ಅಂಗಿ ಇತ್ತು. ಆಟ ನಿಲ್ಲಿಸಿ ಕಾಲು ಶತಮಾನ ಕಳೆದವರ ಅಂಗಿಯನ್ನು ಯಾರು ಕೊಳ್ಳುತ್ತಾರೆಂದು ಮೈದುನನಿಂದ ಕೇಳಿಸಿದೆವು. ಅಪ್ಪಂದಿರು ಕೊಳ್ಳುತ್ತಾರೆ, ಮಕ್ಕಳು ಹಾಕಿಕೊಳ್ಳುತ್ತಾರೆ ಎಂದಳು. ಚೌಕಾಸಿ ಮಾಡಿ ಒಂದನ್ನು ಕೊಂಡೆವು.

ಮಧ್ಯಾಹ್ನ ಹನ್ನೆರಡಕ್ಕೆ ಆಟ. ಮೇಲೆ ಮಾಡಿಲ್ಲ, ಸೂರ್ಯ ನೆತ್ತಿಯ ಮೇಲೆ. ಜನರೆಲ್ಲ ಬಲಗೈ ಎತ್ತಿ 'ಗೋಯಾ' ಎಂಬ ವಿಶ್ವವಿದ್ಯಾಲಯದ ಜಯಘೋಷವನ್ನು ಕೂಗಿದಾಗ ಕಾಲಕೆಳಗಿನ ಕಲ್ಲೇ ಗುಡುಗಿದಂತಾಯಿತು. ನಮ್ಮ ಹಿಂದಿನ ಸಾಲಿನಲ್ಲಿ ಒಬ್ಬ ಅಜ್ಜ, ಅವನ ಮಗ, ಮೊಮ್ಮಗ. ಮೈದಾನದಲ್ಲಿ ಹುಡುಗನೊಬ್ಬ ಒಳ್ಳೆಯ ಅವಕಾಶವನ್ನು ಕೈಬಿಟ್ಟ. ಅಜ್ಜ ಹಣೆ ಚಚ್ಚಿಕೊಂಡು, "ಊಗೊ ಆಗಿದ್ದರೆ!" ಎಂದ. ಒಡನೆಯೇ ಮಗ, "ಊಗೊ ೮೬ರಲ್ಲಿ ಏನು ಮಾಡಿದ?" ಎಂದ. ಮೂವರೂ ನಕ್ಕರು. ಆ ಮೊಮ್ಮಗನಿಗೆ ಹತ್ತು ವರ್ಷವಿದ್ದೀತು. ಊಗೊ ಆಡಿದ್ದನ್ನು ಅವನೂ ನೋಡಿಲ್ಲ, ಬಹುಶಃ ಅವನ ತಂದೆಯೂ ಸರಿಯಾಗಿ ನೋಡಿಲ್ಲ. ಆದರೂ ಆ ಪೆನಾಲ್ಟಿ ಅವರ ಮನೆಯ ಆಸ್ತಿಯಾಗಿತ್ತು.

ಆಗ ನಮಗೊಂದು ಮಾತು ಹೊಳೆಯಿತು. ಜನಪ್ರೀತಿ ಎಂದರೆ ಹೂಮಾಲೆ, ಜಯಕಾರ ಎಂದು ತಿಳಿದಿದ್ದೆವು. ಗೆದ್ದಾಗ ಜಯಕಾರ ಹಾಕಿಸಿಕೊಳ್ಳುವುದು ಯಾರಿಗೂ ಸಾಧ್ಯ. ಜನ ಬಾಯಿತುಂಬ ಬೈದು, ಚಿತ್ರವನ್ನು ಗೋಡೆಗೆ ತಿರುಗಿಸಿ, ಬೆಳಗಾಗುವಷ್ಟರಲ್ಲಿ ತಾವೇ ಎದ್ದು ಅದನ್ನು ಸರಿಮಾಡುವುದು ಮನೆಯವನಿಗೆ ಮಾತ್ರ. ೧೯೯೯ರಲ್ಲಿ ಕಾಲ್ಚೆಂಡಿನ ಇತಿಹಾಸಕಾರರ ಅಂತರರಾಷ್ಟ್ರೀಯ ಸಂಸ್ಥೆ ಊಗೊ ಅವರನ್ನು ಉತ್ತರ ಮತ್ತು ಮಧ್ಯ ಅಮೆರಿಕ ಪ್ರದೇಶದ ಶತಮಾನದ ಆಟಗಾರನೆಂದು ಆರಿಸಿತು. ಆ ಬಿರುದನ್ನು ನಮಗೆ ಯಾರೂ ಹೇಳಲಿಲ್ಲ, ನಾವು ಆಮೇಲೆ ಓದಿ ತಿಳಿದೆವು. ವೈದ್ಯರು ಹೇಳಿದ್ದು, ಅವನು ನಮ್ಮ ತೋಟದ ಮುಂದೆ ಪುಸ್ತಕ ಹಿಡಿದು ಹೋಗುತ್ತಿದ್ದ ಎಂದು.

ಊರು ಬಿಡುವ ಮುನ್ನ ಹಲ್ಲು ತೋರಿಸಲು ಮತ್ತೊಮ್ಮೆ ವೈದ್ಯರಲ್ಲಿಗೆ ಹೋದೆವು. ತಡೆಯಲಾರದೆ ಕೇಳಿಯೇಬಿಟ್ಟೆವು: ಆಟ ಓದು ಎರಡನ್ನೂ ಮಾಡುವುದು ಎಲ್ಲರಿಗೂ ಸಾಧ್ಯವೆ? ವೈದ್ಯರು ಸುಳ್ಳು ಸಮಾಧಾನ ಹೇಳಲಿಲ್ಲ. "ನಾನೂ ಆಡುತ್ತಿದ್ದೆ. ಆ ಕಾಲದಲ್ಲಿ ನಾವು ಸಾವಿರಾರು ಜನ ಊಗೊ ಆಗಬೇಕೆಂದಿದ್ದೆವು. ಆದವನು ಅವನೊಬ್ಬನೇ. ನಾನು ಹಲ್ಲು ಕೀಳುತ್ತಿದ್ದೇನೆ." ಸ್ವಲ್ಪ ತಡೆದು, "ಆದರೆ ಅಪ್ಪ ಆಡಬೇಡ ಎನ್ನಲಿಲ್ಲ. ಅದಕ್ಕೇ ವರ್ಷವೂ ಅವರ ಪೀಠದ ಮೇಲೆ ಆ ಅಂಗಿ ಇಡುತ್ತೇನೆ" ಎಂದರು.

ಹಿಂತಿರುಗುವ ವಿಮಾನದಲ್ಲಿ ಮಗ ಆ ನೀಲಿ ಅಂಗಿ ಹಾಕಿಕೊಂಡೇ ಮಲಗಿದ್ದ. ನಾವೂ ಮನೆಯವರೂ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಅವರೇ, "ಸಂಘದ ಸಾಲ ತೀರೂತನ ಪೀಸು ಹೆಂಗ ಹೊಂದಸ್ತೀರಿ?" ಎಂದರು. ನಾವು ಬಾಯಿಬಿಟ್ಟು ಏನೂ ಹೇಳಿರಲಿಲ್ಲ!

ಈಗ ವಾರದಲ್ಲಿ ಮೂರು ಸಂಜೆ ಹುಡುಗ ಮೈದಾನಕ್ಕೆ ಹೋಗುತ್ತಾನೆ. ಬಂದು ಕಾಲು ತೊಳೆದುಕೊಂಡು ಗಣಿತದ ಪುಸ್ತಕ ತೆರೆಯಬೇಕು, ಅದು ಕರಾರು. ಕರಾರು ಎಷ್ಟರ ಮಟ್ಟಿಗೆ ನಡೆಯುತ್ತಿದೆ ಎಂಬುದನ್ನು ಮಾರ್ಚ್ ತಿಂಗಳ ಪರೀಕ್ಷೆಯೇ ಹೇಳಬೇಕು. ಕಳೆದ ಭಾನುವಾರ ಅವನ ತಂಡ ನಾಲ್ಕು ಗೋಲುಗಳಿಂದ ಸೋತಿತು. ನಾವು ಅಂಗಳದ ಅಂಚಿನಲ್ಲಿ ನಿಂತು ಮನದಣಿಯೆ ಬೈದು, ದಾರಿಯಲ್ಲಿ ಅವನಿಗೆ ಕಬ್ಬಿನ ಹಾಲು ಕೊಡಿಸಿಕೊಂಡು ಮನೆಗೆ ಬಂದೆವು.